ಮಗನ ಸೈಕಲ್ಲು, ಮಗಳ ಮಾತು



ನಿಮ್ಮ ಮನೆಯಲ್ಲಿ ಹದಿನೇಳು ಹದಿನೆಂಟರ ಮಗನಿದ್ದರೆ ಈ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ: "ಅಮ್ಮೀ, ಇದೊಂದು ಕೊಡಿಸು ಸಾಕು, ಇನ್ನು ಏನೂ ಕೇಳುವುದಿಲ್ಲ." ಕೆಲವು ಮನೆಗಳಲ್ಲಿ ಅದು ಮೊಬೈಲ್, ಕೆಲವು ಮನೆಗಳಲ್ಲಿ ಮೋಟಾರ್ ಬೈಕ್. ನಮ್ಮ ಮನೆಯಲ್ಲಿ ಸೈಕಲ್ಲಿನ ಬಿಡಿಭಾಗ.

ಮದ್ರಸಾದಲ್ಲಿ ಓದಿ, ಮದುವೆಯಾದ ಮೇಲೆ ಮನೆಯಲ್ಲೇ ಕುಳಿತು ಬಿ.ಎ. ಮುಗಿಸಿ, ಈಗ ಮೂಡಲಗಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿರುವ ನನಗೆ ಸೈಕಲ್ ತುಳಿಯಲು ಬರುವುದಿಲ್ಲ. ಹಾಗಿದ್ದೂ ಸೈಕಲ್ ಬಗ್ಗೆ ಬರೆಯಲು ಕುಳಿತಿದ್ದೇನೆ. ಏಕೆಂದರೆ ಈ ವಿಷಯದಲ್ಲಿ ನನ್ನಿಂದ ಒಂದು ತಪ್ಪಾಗಿದೆ.

2023ರ ಮಾತು. ಗೋಕಾಕದ ಕಾಲೇಜಿನಲ್ಲಿ ಪಿಯುಸಿ ಓದುತ್ತಿದ್ದ ಮಗ ಆರು ಸಾವಿರ ರೂಪಾಯಿಗೆ ಒಂದು ಹಳೆಯ ಗೇರ್ ಸೈಕಲ್ ತಂದ. ಮುಂದೆಯೂ ಶಾಕಪ್ಸರ್, ಹಿಂದೆಯೂ ಶಾಕಪ್ಸರ್. ನಡುವೆ ದಪ್ಪನೆಯ ಕೆಂಪು ಸ್ಪ್ರಿಂಗು. ಬೆಟ್ಟ ಹತ್ತಿ ಇಳಿಯುವವರಿಗಾಗಿ ಮಾಡಿದ ಮೌಂಟೇನ್ ಬೈಕಿನ ಮಾದರಿಯದು. ಮೂಡಲಗಿಯಲ್ಲಿ ಬೆಟ್ಟ ಎಲ್ಲಿದೆ ಎಂದು ಕೇಳಿದೆ. "ಅಮ್ಮೀ, ಕಬ್ಬಿನ ಟ್ರ್ಯಾಕ್ಟರ್ ಓಡಾಡಿದ ನಮ್ಮ ರಸ್ತೆಗಳೇ ಬೆಟ್ಟ" ಎಂದ. ಮಾತು ಸುಳ್ಳಲ್ಲ. ನಕ್ಕು ಸುಮ್ಮನಾದೆ.

ಅಲ್ಲಿಂದ ಪಟ್ಟಿ ಶುರುವಾಯಿತು. ಇದ್ದುದಕ್ಕಿಂತ ಎತ್ತರದ ಮುಂದಿನ ಫೋರ್ಕ್, ಅಗಲವಾದ ಹ್ಯಾಂಡಲ್, ಮುಳ್ಳುಮುಳ್ಳಿನ ಪೆಡಲ್, ದಪ್ಪ ಟೈರುಗಳು. ಎಲ್ಲ ಸೇರಿ ಐದೂವರೆ ಸಾವಿರ. ಟ್ಯೂಷನ್ ಹೇಳಿ ಅವನೇ ಸ್ವಲ್ಪ ಕೂಡಿಸಿದ್ದ. ಉಳಿದದ್ದನ್ನು ನನ್ನ ಭಿಶಿ ಹಣದಿಂದ ಕೊಟ್ಟೆ. ಓಣಿಯ ಹುಡುಗರು ಸುತ್ತ ನಿಂತು ನೋಡುವಾಗ ನನಗೂ ಹೆಮ್ಮೆಯೆನಿಸಿತ್ತು, ಮುಚ್ಚಿಡುವುದೇಕೆ?

ಇದೇ ಮನೆಯಲ್ಲಿ ಆಗ ಒಂಬತ್ತನೆಯ ತರಗತಿಯಲ್ಲಿದ್ದ ಮಗಳೂ ಇದ್ದಾಳೆ. ಹೈಸ್ಕೂಲಿಗೆ ನಡೆದೇ ಹೋಗುತ್ತಿದ್ದಳು. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರದಿಂದ ಉಚಿತ ಸೈಕಲ್ ಕೊಡುವುದು ಆರಂಭವಾದುದು ನಿಮಗೆ ನೆನಪಿರಬಹುದು. ನನ್ನ ನಾದಿನಿಯ ಮಗಳು ಆ ಸೈಕಲ್ ಮೇಲೆಯೇ ಹೈಸ್ಕೂಲು ಮುಗಿಸಿದಳು. ಕೊರೊನಾ ಬಂದ 2020ರಿಂದ ಆ ವಿತರಣೆ ನಿಂತಿತು. 2022ರಲ್ಲಿ ನನ್ನ ಮಗಳು ಎಂಟಕ್ಕೆ ಬಂದಾಗ ಸೈಕಲ್ ಬರಲಿಲ್ಲ. "ಮುಂದಿನ ವರ್ಷ ನೋಡೋಣ" ಎಂದಿದ್ದೆ. ಆ ಮುಂದಿನ ವರ್ಷದ ಹಣ ಮಗನ ಫೋರ್ಕಿಗೆ ಹೋಯಿತು.

ಒಂದು ಸಂಜೆ ಮಗಳು ಅಂಗಳದಲ್ಲಿ ಆ ಸೈಕಲ್ ಹಿಡಿದು ನಿಂತಿದ್ದಳು. "ಅಮ್ಮೀ, ಹಿಂದಿನ ಬ್ರೇಕ್ ಒತ್ತಿದರೆ ಹಿಡಿಕೆಗೇ ತಾಗುತ್ತದೆ. ವಾಯರ್ ಎಳೆ ಬಿಟ್ಟಿದೆ ನೋಡು" ಎಂದಳು. ನಾನು ರೊಟ್ಟಿ ಬಡಿಯುತ್ತಿದ್ದೆ. "ಅದೆಲ್ಲ ನಿನಗ್ಯಾಕೆ? ಗಂಡುಮಕ್ಕಳು ನೋಡಿಕೊಳ್ಳುತ್ತಾರೆ, ಒಳಗೆ ಬಾ" ಎಂದೆ. ಅವಳು ಒಳಗೆ ಬಂದಳು. ಮತ್ತೆ ಆ ಮಾತೆತ್ತಲಿಲ್ಲ.

ಮುಂದಿನ ರವಿವಾರ ಮಗ ಗೆಳೆಯರೊಂದಿಗೆ ಗೋಕಾಕ ಫಾಲ್ಸ್‌ಗೆ ಹೋದ. ಮಳೆಗಾಲ. ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವುದನ್ನು ನೋಡಲು ಜನ ಸೇರುವ ದಿನಗಳವು. ಹಿಂದಿರುಗುವಾಗ ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ವಾಯರ್ ತುಂಡಾಯಿತು. ಗಾಬರಿಯಲ್ಲಿ ಮುಂದಿನ ಬ್ರೇಕನ್ನಷ್ಟೇ ಬಲವಾಗಿ ಹಿಡಿದ. ಹೊಸ ಫೋರ್ಕ್ ತಟ್ಟನೆ ಕುಸಿಯಿತು, ಹಿಂದಿನ ಗಾಲಿ ಎದ್ದಿತು, ಮಗ ಹ್ಯಾಂಡಲ್ ಮೇಲಿಂದ ರಸ್ತೆಗೆ ಬಿದ್ದ. ಎದುರಿನಿಂದ ವಾಹನ ಬರಲಿಲ್ಲ. ಭುಜದ ಹತ್ತಿರದ ಎಲುಬು ಬಿರಿದುದರಲ್ಲೇ ಮುಗಿಯಿತು, ಅಲ್‌ಹಮ್ದುಲಿಲ್ಲಾಹ್.

ಆಸ್ಪತ್ರೆಯ ಬೆಂಚಿನ ಮೇಲೆ ಮಗಳು ನನ್ನ ಪಕ್ಕದಲ್ಲೇ ಕುಳಿತಿದ್ದಳು. "ನಾನು ಹೇಳಿರಲಿಲ್ಲವೇ" ಎಂದು ಕೇಳಲಿಲ್ಲ. ಕೇಳಿದ್ದರೆ ನನ್ನ ಮನಸ್ಸು ಹಗುರವಾಗುತ್ತಿತ್ತು.

ನನ್ನ ತವರು ಹುಕ್ಕೇರಿ. ಅಲ್ಲಿ ನನ್ನ ಅಣ್ಣನಿಗೆ ಮೊದಲಿನಿಂದಲೂ ಸೈಕಲ್ ರಿಪೇರಿಯ ಕೆಲಸ. ಸೈಕಲ್ಲನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಮಕ್ಕಳಿಬ್ಬರನ್ನೂ ಕರೆದುಕೊಂಡು ಹೋದೆ. ಮಗನ ಕೈ ಜೋಳಿಗೆಯಲ್ಲಿತ್ತು. ಆದ್ದರಿಂದ ಪಾನಾ ಹಿಡಿದು ಮಾಮುವಿಗೆ ನೆರವಾದವಳು ಮಗಳು.

ಅಣ್ಣ ಮೊದಲು ತೋರಿಸಿದ್ದು ವಾಯರ್. "ನೋಡವಾ ತಂಗಿ, ಫೋರ್ಕ್ ಎತ್ತರ ಆತು, ಹ್ಯಾಂಡಲ್ ಅಗಲ ಆತು. ವಾಯರ್ ಮಾತ್ರ ಹಳೇದು, ಮೊದಲಿನಷ್ಟ ಉದ್ದ. ಹೊಳ್ಳಿಸಿದಾಗೆಲ್ಲ ಅದು ಜಗ್ಗೇ ಜಗ್ಗತೈತಿ. ಎಷ್ಟು ದಿನ ತಡೀತೈತಿ?" ಒಂದು ಭಾಗ ಬದಲಾಯಿಸಿದರೆ ಅದಕ್ಕೆ ಅಂಟಿಕೊಂಡ ಇನ್ನೆರಡು ಭಾಗಗಳ ಲೆಕ್ಕವೂ ಬದಲಾಗುತ್ತದೆ ಎಂಬುದು ನನಗೆ ಆಗ ತಿಳಿಯಿತು. ಮುಂಭಾಗ ಎತ್ತರವಾದಾಗ ಕೂರುವವನ ಭಾರ ಹಿಂದಕ್ಕೆ ಸರಿಯುತ್ತದೆ, ಹ್ಯಾಂಡಲ್ ತಿರುಗುವ ರೀತಿಯೂ ಬೇರೆಯಾಗುತ್ತದೆ. ಅಂಗಡಿಯವನು ಇದನ್ನು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಬಳಿಕ ಆ ಕೆಂಪು ಸ್ಪ್ರಿಂಗ್. ಅದರ ಮೇಲೆ 750 ಎಂಬ ಅಂಕೆ ಇತ್ತು. ಒಂದು ಇಂಚು ಅದುಮಲು 750 ಪೌಂಡ್ ಭಾರ ಬೇಕೆಂದು ಅದರ ಅರ್ಥವಂತೆ. ಐವತ್ತು ಕಿಲೋದ ನನ್ನ ಮಗನಿಗೆ ಅದು ಕಬ್ಬಿಣದ ಕಂಬವಿದ್ದಂತೆ. ಸಾಲದ್ದಕ್ಕೆ ಅವನು ಅದರ ತಿರುಪನ್ನು ಪೂರ್ತಿ ಬಿಗಿದಿದ್ದ. ಸವಾರ ಕುಳಿತಾಗ ಶಾಕಪ್ಸರ್ ತಾನು ಕುಸಿಯಬಲ್ಲ ಉದ್ದದ ಸುಮಾರು ನಾಲ್ಕನೆಯ ಒಂದು ಭಾಗ ಇಳಿಯಬೇಕು, ಆಗ ಮಾತ್ರ ಗಾಲಿ ತಗ್ಗಿಗೂ ದಿಬ್ಬಕ್ಕೂ ಹೊಂದಿಕೊಂಡು ನೆಲ ಹಿಡಿಯುತ್ತದೆ ಎಂದು ಅಣ್ಣ ಟೇಪು ಹಿಡಿದು ಅಳೆದು ತೋರಿಸಿದ. ನಮ್ಮದು ಒಂದಿಷ್ಟೂ ಇಳಿಯಲಿಲ್ಲ. ಮೆತ್ತಗಿನ ಹಳೆಯ ಸ್ಪ್ರಿಂಗೊಂದನ್ನು ಹುಡುಕಿ ಹಾಕಿದ.

ಆಮೇಲೆ ಹಿಂದಿನ ಗಾಲಿಯನ್ನು ಹಿಡಿದು ಅಡ್ಡಡ್ಡ ಅಲ್ಲಾಡಿಸಿದ. ಲಟಲಟ ಸದ್ದು. ಗಾಲಿಯ ತೋಳು ಸೈಕಲ್ಲಿನ ಮೈಗೆ ಕೂಡುವ ಕೀಲಿನೊಳಗಿನ ಬುಶ್ ಸವೆದಿತ್ತು. ಅಣ್ಣ ಮಗನಿಗೆ ಹೇಳಿದ: "ಗೋಕಾಕ ಫಾಲ್ಸಿನ ತೂಗುಸೇತುವೆ ಕಂಡೀಯಲ್ಲ? ಅದು ತೂಗತೈತಿ, ಆದರ ಹಗ್ಗ ಕಟ್ಟಿದ ದಂಡಿ ಅಲ್ಲಾಡೂದಿಲ್ಲ. ದಂಡಿನ ಅಲ್ಲಾಡಿದರ ಸೇತುವೆ ಉಳೀತೈತೇನು?"

ಎರಡೂ ಬ್ರೇಕಿಗೆ ಹೊಸ ವಾಯರ್, ಹೊಸ ರಬ್ಬರ್ ಕಟ್ಟೆಗಳು, ಹೊಸ ಬುಶ್, ಬೇರಿಂಗ್ ಗುಂಡು, ಗ್ರೀಸು, ಸೊಟ್ಟಗಾಗಿದ್ದ ರಿಮ್ಮನ್ನು ಕಡ್ಡಿ ಬಿಗಿದು ನೇರ ಮಾಡಿದ್ದು, ಹಳೆಯ ಫೋರ್ಕನ್ನೇ ಮರಳಿ ಹಾಕಿದ್ದು. ಅಣ್ಣ ಕೂಲಿ ತೆಗೆದುಕೊಳ್ಳಲಿಲ್ಲ. ಸಾಮಾನಿಗೆ ಒಂದೂವರೆ ಸಾವಿರದೊಳಗೇ ಆಯಿತು. ಐದೂವರೆ ಸಾವಿರದಲ್ಲಿ ಸಿಗದ ಭದ್ರತೆ ಒಂದೂವರೆ ಸಾವಿರದಲ್ಲಿ ಸಿಕ್ಕಿತು.

ಇದನ್ನೆಲ್ಲ ಕೇಳಿ ಮಗನ ಆಸೆಯನ್ನು ಹಳಿಯಬೇಡಿ. ಈ ಬಗೆಯ ಸೈಕಲ್ ಹುಟ್ಟಿದ್ದೇ ಇಂಥ ಹುಡುಗರ ಕೈಯಲ್ಲಿ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ತಮಾಲ್‌ಪೈಸ್ ಎಂಬ ಬೆಟ್ಟದ ಸುತ್ತಲಿನ ಯುವಕರು ಗುಜರಿಗೆ ಬಿದ್ದಿದ್ದ ದಪ್ಪ ಟೈರಿನ ಹಳೆಯ ಸೈಕಲ್ಲುಗಳಿಗೆ ಗೇರು, ಮೋಟಾರ್ ಬೈಕಿನ ಬ್ರೇಕ್ ಹಿಡಿಕೆ ಜೋಡಿಸಿ ಬೆಟ್ಟದಿಂದ ಇಳಿಸುತ್ತಿದ್ದರು. 1976ರಲ್ಲಿ ಆರಂಭವಾದ ಅವರ ಒಂದು ಪಂದ್ಯಕ್ಕೆ 'ರೀಪ್ಯಾಕ್' ಎಂದು ಹೆಸರು. ಇಳಿಜಾರಿನಲ್ಲಿ ಹಿಂದಿನ ಗಾಲಿಯ ಬ್ರೇಕ್ ಕಾದು ಗ್ರೀಸೆಲ್ಲ ಸುಟ್ಟುಹೋಗುತ್ತಿತ್ತು. ಪ್ರತಿ ಸಲವೂ ಹೊಸದಾಗಿ ಗ್ರೀಸು ತುಂಬಬೇಕಿತ್ತು, ಅದಕ್ಕೇ ಆ ಹೆಸರು. ಅವರಿಗೂ ಮೊದಲು ಕಾಡಿದ್ದು ಬ್ರೇಕೇ ಎಂಬುದನ್ನು ಗಮನಿಸಿ. ಮಗನಿಗೆ ಈ ಕಥೆ ಹೇಳಿದೆ. ಈ ಸಲ ಅವನು ನಗಲಿಲ್ಲ.

ಅಣ್ಣ ಕೈ ತೊಳೆದುಕೊಳ್ಳುತ್ತ, "ಇವನ ಕೈ ಕೂಡಾಕ ಎರಡು ತಿಂಗಳಾದರೂ ಬೇಕು. ಅಲ್ಲೀತನಕ ಸೈಕಲ್ ಯಾಕ ಸುಮ್ಮನ ನಿಲ್ಲಬೇಕು?" ಎಂದು ಮಗಳ ಕಡೆ ನೋಡಿದ. ಅವಳು ನನ್ನ ಮುಖ ನೋಡಿದಳು. ನಾನು ಹೂಂ ಎಂದೆ.

ಆಗ ಆ ಸೈಕಲ್ಲಿಗೆ ಇನ್ನೊಂದು ಸುತ್ತಿನ ಬದಲಾವಣೆ ಆಯಿತು. ಸೀಟು ಇಳಿಸಿದ. ತಗ್ಗಿಸಲಾಗದ ಆ ಅಗಲ ಹ್ಯಾಂಡಲ್ಲಿನ ತುದಿಗಳನ್ನು ಎರಡೂ ಕಡೆ ಕೊಯ್ದ. ಚೈನಿಗೆ ಕವರ್ ಇರಲಿಲ್ಲ, ಬುರ್ಖಾದ ಅಂಚು ಸಿಕ್ಕಿದರೆ ಗತಿಯೇನು? ತಗಡಿನ ಕವರ್ ಹಾಕಿದ. ದುಪಟ್ಟಾ ಗಾಲಿಗೆ ಸುತ್ತದಂತೆ ಲೇಡೀಸ್ ಸೈಕಲ್ಲಿಗಿರುವ ಡ್ರೆಸ್ ಗಾರ್ಡ್ ಬೇಕಿತ್ತು. ಇಲ್ಲಿ ಹಿಂದಿನ ಗಾಲಿ ಮೇಲೆ ಕೆಳಗೆ ಆಡುವುದರಿಂದ ಅದನ್ನು ಸೀಟಿನ ಕಂಬಕ್ಕೆ ಕಟ್ಟುವಂತಿಲ್ಲ. ಗಾಲಿಯ ತೋಳಿಗೇ ಬೋಲ್ಟ್ ಹಾಕಿ ಕೂರಿಸಬೇಕು. ಅದನ್ನು ಮೊದಲು ಕಂಡುಹಿಡಿದವಳು ಮಗಳೇ. ಮಡ್‌ಗಾರ್ಡನ್ನೂ ಗಾಲಿಯಿಂದ ಬಹಳ ಎತ್ತರದಲ್ಲಿ ಕೂರಿಸಿದರು. ಯರೆಮಣ್ಣು ಅಂಟಿದರೆ ಗಾಲಿಯೇ ತಿರುಗುವುದಿಲ್ಲ ಎಂಬುದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ.

ಮೂಡಲಗಿಗೆ ಬಂದ ಮೇಲೆ ಅತ್ತೆ ಕೇಳಿದರು: "ದೊಡ್ಡ ಹುಡುಗಿ, ಗಂಡುಮಕ್ಕಳ ಸೈಕಲ್ ಮೇಲೆ ಹೋಗುವುದೇ?" ನಾನು ವಾದಿಸಲಿಲ್ಲ. ಪುದುಕೋಟೆಯ ಕಥೆ ಹೇಳಿದೆ. ತಮಿಳುನಾಡಿನ ಆ ಬಡ ಜಿಲ್ಲೆಯಲ್ಲಿ 1991ರ ಸುಮಾರಿಗೆ, ಶೀಲಾ ರಾಣಿ ಚುಂಕತ್ ಜಿಲ್ಲಾಧಿಕಾರಿಯಾಗಿದ್ದಾಗ, ಅಕ್ಷರ ಕಲಿಸುವ ಆಂದೋಲನದ ಜೊತೆಗೇ ಹೆಂಗಸರಿಗೆ ಸೈಕಲ್ ಕಲಿಸಲಾಯಿತು. ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರು ಕಲಿತರು, ಅವರಲ್ಲಿ ಮುಸ್ಲಿಂ ತರುಣಿಯರೂ ಇದ್ದರು. ಲೇಡೀಸ್ ಸೈಕಲ್ ಸಾಲದೆ ಗಂಡಸರ ಸೈಕಲ್ಲನ್ನೇ ತುಳಿದರು. ಮುಂದಿನ ಅಡ್ಡ ಕೊಳವೆಯ ಮೇಲೆ ಮಗುವನ್ನು ಕೂರಿಸಿಕೊಳ್ಳಲು ಅದೇ ಅನುಕೂಲವೆಂದು ಎಷ್ಟೋ ತಾಯಂದಿರು ಕಂಡುಕೊಂಡರು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬ್ರೇಕ್ ಸರಿ ಇದೆಯೇ?" ಎಂದಷ್ಟೇ ಕೇಳಿದರು.

ಮಗನ ಕೈ ಕೂಡಿದ ಮೇಲೂ ಸೈಕಲ್ ಮಗಳ ಬಳಿಯೇ ಉಳಿಯಿತು. ಹೊಸ ಫೋರ್ಕನ್ನು ಮಾರಿ ಬಂದ ಹಣವನ್ನು ಅವನೇ ತಂದು ನನ್ನ ಕೈಗಿಟ್ಟ.

ಸಹೋದರಿಯರೇ, ಮಕ್ಕಳ ಸೈಕಲ್ಲಿಗೆ ಹಣ ಕೊಡುವ ಮೊದಲು ನೀವೇ ಅಂಗಳಕ್ಕೆ ಹೋಗಿ. ಬ್ರೇಕ್ ಪೂರ್ತಿ ಒತ್ತಿ ನೋಡಿ, ಹಿಡಿಕೆಗೂ ಹ್ಯಾಂಡಲ್ಲಿಗೂ ನಡುವೆ ಎರಡು ಬೆರಳಿನಷ್ಟು ಅಂತರ ಉಳಿಯಬೇಕು. ವಾಯರಿನ ತುದಿಯಲ್ಲಿ ಎಳೆ ಬಿಟ್ಟಿದೆಯೇ ನೋಡಿ. ಗಾಲಿಗಳನ್ನು ಅಡ್ಡಡ್ಡ ಅಲ್ಲಾಡಿಸಿ ಸದ್ದು ಕೇಳಿ. ಇದಕ್ಕೆ ಸೈಕಲ್ ತುಳಿಯಲು ಬರಬೇಕೆಂದಿಲ್ಲ. ಹಾಗೆಯೇ, ಆ ಹಣ ಕೊಡುವಾಗ ಮನೆಯಲ್ಲಿ ನಡೆದೇ ಹೋಗುತ್ತಿರುವ ಇನ್ನೊಂದು ಮಗು ಇದೆಯೇ ಎಂದು ಒಮ್ಮೆ ತಿರುಗಿ ನೋಡಿ. ಆ ಮಗು ಏನಾದರೂ ಹೇಳಲು ಬಂದರೆ ಒಲೆಯ ಉರಿ ಸಣ್ಣಗೆ ಮಾಡಿ ಕೇಳಿ.

ನಾನು ಈಗ ದಿನವೂ ಬೆಳಿಗ್ಗೆ ಬಾಗಿಲಲ್ಲಿ ನಿಂತು ಎರಡೂ ಬ್ರೇಕ್ ಒತ್ತಿ ನೋಡುತ್ತೇನೆ. "ಅಮ್ಮೀ, ನಿನ್ನೆಯಷ್ಟೇ ನೋಡಿದ್ದೀಯಲ್ಲ" ಎನ್ನುತ್ತಾಳೆ ಮಗಳು. ಇರಲಿ. ಒಂದು ದಿನ ನೋಡದೆ ಹೋದವಳು ನಾನು.