ಬಿಗಿಯಲ್ಲ, ತುಕ್ಕು

ಪ್ರಭು ಯೇಸು ನೇಗಿಲುಗಳನ್ನೂ ನೊಗಗಳನ್ನೂ ಮಾಡುತ್ತಿದ್ದರೆಂದು ಎರಡನೆಯ ಶತಮಾನದ ಸಂತ ಜಸ್ಟಿನ್ ಬರೆದಿದ್ದಾರೆ. ಬಡಗಿಯೆಂದೊಡನೆ ನಮ್ಮ ಕಣ್ಣ ಮುಂದೆ ಹೊಸ ಮರ, ಹೊಸ ಸಾಮಾನು ಬಂದು ನಿಲ್ಲುತ್ತವೆ. ಆದರೆ ನೊಗ ಎತ್ತಿನ ಹೆಗಲಿಗೆ ಒತ್ತಿದಾಗ, ನೇಗಿಲಿನ ಬೆಣೆ ಸಡಿಲವಾದಾಗ ರೈತನು ಅದನ್ನು ಹೊತ್ತುಕೊಂಡು ನಜರೇತಿನ ಅದೇ ಅಂಗಳಕ್ಕೆ ಬಂದಿರಬೇಕಲ್ಲವೇ? ಹಳೆಯದನ್ನು ಬಿಚ್ಚಿ ಮತ್ತೆ ಕೂಡಿಸುವ ಕೆಲಸವೂ ಆ ಕೈಗಳಿಗೆ ತಿಳಿದಿತ್ತೆಂದು ನಾನು ನಂಬುತ್ತೇನೆ. ಟ್ರ್ಯಾಕ್ಟರ್ ಗ್ಯಾರೇಜುಗಳ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಇಲ್ಲಿಯ ಬಾಳು ಬಹುಮಟ್ಟಿಗೆ ಟ್ರ್ಯಾಕ್ಟರಿನ ಹಿಂದಿನ ಟ್ರೇಲರಿನ ಮೇಲೆಯೇ ಸಾಗುತ್ತದೆ. ಮೆಕ್ಕೆಜೋಳ, ಶೇಂಗಾ, ಗೊಬ್ಬರ, ಇಟ್ಟಿಗೆ ಎಲ್ಲವೂ ಅದರಲ್ಲಿಯೇ. ತಾಡಪಾಲು ಕಟ್ಟಿ, ಹುಲ್ಲು ಹಾಸಿ ಮೈಲಾರದ ಜಾತ್ರೆಗೆ ಹೊರಟ ಮನೆಮಂದಿಗೆ ಎರಡು ಮೂರು ದಿನ ಅದೇ ಮನೆ. ಸರಕಿನ ಟ್ರೇಲರಿನಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ. ಹೊಲಕ್ಕೆ ಹೋಗುವ ಕೂಲಿಯ ಹೆಣ್ಣುಮಕ್ಕಳಿಗೆ ಬೇರೆ ವಾಹನವಿಲ್ಲವೆಂಬುದೂ ಅಷ್ಟೇ ನಿಜ.

ಈ ಭಾರವನ್ನೆಲ್ಲ ಹೊರುವುದು ಕೆಳಗಿನ ಅಚ್ಚು ಮತ್ತು ಅದರ ಮೇಲಿನ ಕಮಾನುಪಟ್ಟಿಗಳು. ಗ್ಯಾರೇಜಿನವರು ಅವನ್ನು ಪಾಟಾ ಎನ್ನುತ್ತಾರೆ. ಪಾಟಾಗಳನ್ನು ಅಚ್ಚಿಗೆ ಅಪ್ಪಿ ಹಿಡಿಯುವುದು ಯು ಬೋಲ್ಟು. ಅದು ಸಡಿಲವಾದರೆ ನಡುವಿನ ಸಣ್ಣ ಬೋಲ್ಟು ಒತ್ತಡ ತಾಳದೆ ತುಂಡಾಗುತ್ತದೆ, ಅಚ್ಚು ಜರುಗುತ್ತದೆ. ಅಚ್ಚು ಕೈಕೊಟ್ಟರೆ ಏನಾಗುತ್ತದೆಂದು ಕೊಟ್ಟೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2017ರ ಫೆಬ್ರವರಿಯಲ್ಲಿ ಗುರು ಬಸವೇಶ್ವರ ಸ್ವಾಮಿಯ ತೇರು ರಥೋತ್ಸವದ ಸಂಜೆಯೇ ಉರುಳಿತು; ಅಚ್ಚು ಮುರಿದದ್ದೇ ಕಾರಣವೆಂದು ಪತ್ರಿಕೆಗಳು ಬರೆದವು.

ನಮ್ಮ ಧರ್ಮಕೇಂದ್ರದ ಒಂದು ಮನೆತನದಲ್ಲಿ ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಹೊಲ, ಮನೆ ಹಂಚಿಕೊಂಡರು. ಟ್ರೇಲರೊಂದು ಜಂಟಿಯಾಗಿ ಉಳಿಯಿತು. ಜಗಳವೇನೂ ಆಗಲಿಲ್ಲ, ಮಾತು ಮಾತ್ರ ನಿಂತಿತು. ಬಲಿಪೂಜೆಗೆ ಇಬ್ಬರೂ ಬರುತ್ತಿದ್ದರು. ಒಬ್ಬರು ಎಡಸಾಲಿನಲ್ಲಿ, ಒಬ್ಬರು ಬಲಸಾಲಿನಲ್ಲಿ. ಬಾಡಿಗೆಯ ಲೆಕ್ಕ ಹೆಂಡಂದಿರ ಮೂಲಕ ಸರಿಹೋಗುತ್ತಿತ್ತು. ನಾಲ್ಕು ವರ್ಷ ಹೀಗೆಯೇ ನಡೆಯಿತು. ಸದ್ಯ ಶಾಂತವಾಗಿದ್ದಾರಲ್ಲ ಎಂದು ಊರೆಲ್ಲ ಸಮಾಧಾನಪಟ್ಟುಕೊಂಡಿತ್ತು.

ಮೆಕ್ಕೆಜೋಳದ ಸುಗ್ಗಿಗೆ ಮುಂಚೆ ಟ್ರೇಲರು ಒಂದು ಮಗ್ಗುಲಿಗೆ ವಾಲತೊಡಗಿತು. ಪಾಟಾ ಬದಲಿಸದೆ ಗತಿಯಿಲ್ಲದೆ ಇಬ್ಬರೂ ಗ್ಯಾರೇಜಿಗೆ ಬಂದರು. ವೆಲ್ಡಿಂಗ್ ಕೆಲಸಕ್ಕೆಂದು ನಾನೂ ಅಲ್ಲಿದ್ದೆ. ತಮ್ಮನು ಪಾನಾ ಹಾಕಿ ಜಗ್ಗಿದನು, ನಟ್ಟು ಅಲುಗಲಿಲ್ಲ.

"ಬೋಲ್ಟು ಭಾಳ ಬಿಗಿ ಐತೆ ಬಿಡ್ರಿ. ಇಷ್ಟು ಗಟ್ಟಿ ಇದ್ದದ್ದನ್ನ ಯಾಕೆ ಬಿಚ್ಚಬೇಕು?" ಎಂದನು.

ಮುದುಕ ಮೇಸ್ತ್ರಿ ಕೆಳಗೆ ಬಗ್ಗಿ ನೋಡಿ ಹೇಳಿದರು: "ಬಿಗಿ ಅಲ್ಲಪ್ಪಾ, ಹಿಡ್ಕಂಡೈತೆ. ಬಿಗಿ ಇದ್ದಿದ್ರೆ ಪಾಟಾ ಯಾಕೆ ಜರುಗ್ತಿತ್ತು?"

ಈ ಮಾತನ್ನು ನಾನು ಬಹಳ ದಿನ ಮೆಲುಕು ಹಾಕಿದ್ದೇನೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಗಿಲಾದ ಜಾಗವನ್ನು ಆಕ್ರಮಿಸುತ್ತದೆ. ಆದ್ದರಿಂದ ನಟ್ಟಿನ ಸುರುಳಿಗಳ ನಡುವೆ ಅದು ಬೆಣೆಯಂತೆ ತುಂಬಿಕೊಳ್ಳುತ್ತದೆ. ರಸಗೊಬ್ಬರದ ಉಪ್ಪು, ಗದ್ದೆಯ ಕೆಸರು ಅದಕ್ಕೆ ನೆರವಾಗುತ್ತವೆ. ಹೊರಗೆ ನೋಡುವವನಿಗೆ ನಟ್ಟು ಬಂಡೆಯಂತೆ ನಿಂತಿದೆ. ಒಳಗೆ ಬೋಲ್ಟು ಸವೆದು ತನ್ನ ಹಿಡಿತವನ್ನು ಕಳೆದುಕೊಂಡಿರುತ್ತದೆ. ಬಿಗಿಯಾದದ್ದು ಕೆಲಸ ಮಾಡುತ್ತಿರುತ್ತದೆ. ತುಕ್ಕು ಹಿಡಿದದ್ದು ಸುಮ್ಮನೆ ಬಿಡಲೊಲ್ಲದು, ಅಷ್ಟೇ. ಆ ಮನೆತನದ ಶಾಂತಿಯನ್ನು ಕುರಿತು ನಾವೆಲ್ಲ ಆಡಿದ ಮಾತು ಆಗ ನನಗೆ ಬೇರೆಯಾಗಿಯೇ ಕೇಳಿಸಿತು.

ತಮ್ಮನು ಪಾನಾದ ಹಿಡಿಗೆ ಉದ್ದನೆಯ ಪೈಪು ತೂರಿಸಲು ಹೊರಟನು. ಮೇಸ್ತ್ರಿ ತಡೆದರು. ಬಲ ಹೆಚ್ಚಿದರೆ ನಟ್ಟಿನ ಮೂಲೆಗಳು ಸವೆದು ಪಾನಾ ಜಾರುತ್ತದೆ, ಇಲ್ಲವೆ ಬೋಲ್ಟು ಮುರಿದು ಕೈ ಒಡೆಯುತ್ತದೆ. ತಂತಿ ಬ್ರಷ್ಷಿನಿಂದ ಸುರುಳಿಗಳನ್ನು ಉಜ್ಜಿಸಿ, ಡೀಸೆಲ್ಲಿಗೆ ಗೇರ್ ಎಣ್ಣೆ ಬೆರೆಸಿ ಹಾಕಿಸಿ, ನಾಳೆ ಬನ್ನಿರೆಂದರು. ಅವರ ಬಳಿ ಡಬ್ಲ್ಯೂಡಿ-40 ಎಂಬ ನೀಲಿ ಡಬ್ಬಿಯೂ ಇತ್ತು. 1953ರಲ್ಲಿ ಅಮೆರಿಕೆಯಲ್ಲಿ ನೀರನ್ನು ಹೊರದೂಡುವ ದ್ರವಕ್ಕಾಗಿ ನಡೆದ ನಲವತ್ತನೆಯ ಪ್ರಯತ್ನ ಫಲಿಸಿತೆಂದು ಅದಕ್ಕೆ ಆ ಹೆಸರು. ತಪಸ್ಸುಕಾಲದ ನಲವತ್ತು ದಿನಗಳಿಗೆ ಇದನ್ನು ಗಂಟುಹಾಕುವ ಆಸೆ ನನಗಿಲ್ಲ. ಆದರೂ ಮೂವತ್ತೊಂಬತ್ತು ಸಲ ಆಗದ್ದನ್ನು ಮತ್ತೊಮ್ಮೆ ಮಾಡಿದವರ ತಾಳ್ಮೆ ನಮ್ಮ ಅನೇಕರ ಪಾಪನಿವೇದನೆಗಿಂತ ದೊಡ್ಡದೆಂದು ತೋರುತ್ತದೆ.

ಮರುದಿನ ಸುತ್ತಿಗೆಯಿಂದ ನಟ್ಟಿನ ಮಗ್ಗುಲುಗಳಿಗೆ ಮೆಲ್ಲಗೆ ಬಡಿದರು. ಅಲುಗಾಟಕ್ಕೆ ತುಕ್ಕು ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ. ಬಳಿಕ ಬಿಚ್ಚುವ ಕಡೆಗಲ್ಲ, ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಲು ಹೇಳಿದರು. ಎರಡು ನಟ್ಟುಗಳು ಕಿರ್ರೆನ್ನುತ್ತ ಒಲಿದವು. ಮೂರನೆಯದಕ್ಕೆ ಎಣ್ಣೆಯನ್ನು ಚೆನ್ನಾಗಿ ಒರೆಸಿ, ಗ್ಯಾಸಿನ ಉರಿಯನ್ನು ನಟ್ಟಿಗೆ ಮಾತ್ರ ತಾಗಿಸಿದರು. ಪಾಟಾಗೆ ಉರಿ ತಾಗಿದರೆ ಅದರ ಹದ ಕೆಟ್ಟು ಪುಟಿಯುವ ಗುಣ ಹೋಗುತ್ತದೆ. ಬಿಸಿಗೆ ನಟ್ಟು ಹಿಗ್ಗಿತು. ಆದರೆ ಪಾನಾ ತಿರುವಿದಾಗ ಯು ಬೋಲ್ಟೇ ಜೊತೆಗೆ ಹೊರಳತೊಡಗಿತು. ಒಬ್ಬರು ಅದನ್ನು ಇನ್ನೊಂದು ಪಾನಾದಿಂದ ಹಿಡಿಯಬೇಕಾಗಿತ್ತು. ಅಣ್ಣನು ಅಂಗಿಯ ತೋಳು ಮಡಚಿ ಟ್ರೇಲರಿನ ಕೆಳಗೆ ಮಲಗಿದನು.

"ಹಿಡಿದೀನಿ, ತಿರುವು" ಎಂದನು.

"ಕೈ ಸರಿಸಣ್ಣಾ, ಬಿಸಿ ಐತೆ" ಎಂದನು ತಮ್ಮ.

ಪ್ರಭು ಕಾಣಿಕೆಯನ್ನು ಪೀಠದ ಬಳಿಯೇ ಬಿಟ್ಟು ಮೊದಲು ಸಹೋದರನಲ್ಲಿಗೆ ಹೋಗೆಂದದ್ದನ್ನು ನಾನು ನೂರಾರು ಸಲ ಕೇಳಿದ್ದೇನೆ. ಹೋದ ಮೇಲೆ ಮೊದಲು ಆಡಬೇಕಾದ ಮಾತು ಯಾವುದೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ನಾಲ್ಕನೆಯ ನಟ್ಟು ಯಾವುದಕ್ಕೂ ಬಗ್ಗಲಿಲ್ಲ; ಅದನ್ನು ಕತ್ತರಿಸಿಯೇ ತೆಗೆದರು. ಒಮ್ಮೆ ಬಿಚ್ಚಿದ ಹಳೆಯ ಯು ಬೋಲ್ಟನ್ನು ಮತ್ತೆ ಹಾಕಬಾರದೆಂದು ಮೇಸ್ತ್ರಿ ಹೊಸವನ್ನೇ ತರಿಸಿದರು. ಸುರುಳಿಗಳಿಗೆ ಗ್ರೀಸು ಬಳಿದು, ನಾಲ್ಕೂ ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪಸ್ವಲ್ಪವಾಗಿ ಬಿಗಿಸಿದರು. ಕೂಲಿಯನ್ನು ಇಬ್ಬರೂ ಅರ್ಧರ್ಧ ಕೊಟ್ಟರು.

"ಒಂದು ಲೋಡು ಹೊಡೆದ ಮ್ಯಾಲೆ ಮತ್ತೆ ಬರ್ರಿ. ಪಾಟಾ ಕುಂತ ಮ್ಯಾಲೆ ಇನ್ನೊಂದ್ಸಲ ಬಿಗಿ ಮಾಡಬೇಕು" ಎಂದರು ಮೇಸ್ತ್ರಿ.

ಅಣ್ಣನು ತಮ್ಮನ ಮುಖ ನೋಡಿದನು. ಗುರುವಾರ ಕೊಟ್ಟೂರಿನ ಎ.ಪಿ.ಎಂ.ಸಿ.ಗೆ ಜೋಳ ಇಳಿಸಿ ಬರುವಾಗ ಇತ್ತಲೇ ಬರೋಣವೆಂದು ಮಾತಾಯಿತು.