ಹದಿನಾಲ್ಕು ಪಾಸ್‌ಪೋರ್ಟ್, ಮೂರೇ ಊರು

ಕಳೆದ ಜನವರಿ. ಶಿವಮೊಗ್ಗದ ವಿನೋಬನಗರದಲ್ಲಿ ಅತ್ತೆ ಮನೆ ಗೃಹಪ್ರವೇಶ. ಊಟ ಮುಗಿಸಿ ಎಲೆ-ಅಡಿಕೆ ಹಾಕ್ಕೊಂಡು ಕೂತಿದ್ದಾಗ ಮಾವ ಅಂದರು, "ಕಾಶಿ ಆಯ್ತು, ರಾಮೇಶ್ವರ ಆಯ್ತು. ಕಾಲು ಗಟ್ಟಿ ಇರೋವಾಗ್ಲೇ ಒಂದ್ಸಲ ಫಾರಿನ್ ನೋಡ್ಬೇಕು ಕಣೋ." ಹತ್ತೇ ನಿಮಿಷದಲ್ಲಿ ಹದಿನಾಲ್ಕು ಜನ ಸೇರಿದರು. ಭದ್ರಾವತಿಯಿಂದ ಅಪ್ಪ-ಅಮ್ಮ, ಅಪ್ಪನ ಜೊತೆ ಕಾರ್ಖಾನೆಯಲ್ಲಿ ದುಡಿದ ಇಬ್ಬರು ಗೆಳೆಯರು ಮತ್ತು ಅವರ ಮನೆಯವರು, ಅಮ್ಮನ ಸ್ನೇಹಿತೆ ಒಬ್ಬರು ನಿವೃತ್ತ ಟೀಚರ್. ಶಿವಮೊಗ್ಗದಿಂದ ಅತ್ತೆ-ಮಾವ, ಪಕ್ಕದ ಮನೆಯ ದಂಪತಿ, ಅವರ ಕಾಲೇಜು ಓದೋ ಮಗಳು. ಕೊನೆಗೆ ನಾನು, ನನ್ನ ಹೆಂಡತಿ.

ಪ್ಲಾನ್ ಮಾಡೋದು ಯಾರು? ಎಲ್ಲರೂ ನನ್ನ ಕಡೆ ನೋಡಿದರು. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋ ಹುಡುಗ ಅಂದ್ರೆ ನಮ್ಮ ಕಡೆ ರೈಲ್ವೆ ಟಿಕೆಟ್ಟಿನಿಂದ ಟಿವಿ ರಿಮೋಟಿನವರೆಗೆ ಎಲ್ಲದಕ್ಕೂ ಅವನೇ ಜವಾಬ್ದಾರ. ಯಾರಿಗೆ ಏನು ನೋಡಬೇಕು ಅಂತ ಆಗ ನಾನು ಕೇಳಲಿಲ್ಲ. ಅಪ್ಪ ಮಾತ್ರ ತಾವಾಗೇ ಒಂದು ಮಾತು ಹೇಳಿದ್ದರು. "ರೋಮ್‌ನಲ್ಲಿ ಒಂದು ಗುಮ್ಮಟ ಇದೆಯಂತೆ. ಒಳಗೆ ಒಂದು ಕಂಬಿನೂ ಇಲ್ವಂತೆ, ಬರೀ ಕಾಂಕ್ರೀಟಂತೆ. ಅದೊಂದು ನೋಡ್ಬೇಕು."

ಅವರು ಹೇಳಿದ್ದು ಪ್ಯಾಂಥಿಯನ್ ಬಗ್ಗೆ. ಸುಮಾರು 1,900 ವರ್ಷದ ಹಿಂದೆ ಕಟ್ಟಿದ್ದು. ಗುಮ್ಮಟದ ವ್ಯಾಸ 43 ಮೀಟರ್‌ಗೂ ಹೆಚ್ಚು, ನೆತ್ತಿಯ ಮೇಲೆ ಆಕಾಶ ಕಾಣೋ ದೊಡ್ಡ ತೂತು. ಒಳಗೆ ಕಬ್ಬಿಣದ ಸರಳಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಜಗತ್ತಿನಲ್ಲಿ ಇವತ್ತಿಗೂ ಅದೇ ದೊಡ್ಡದು. ಜೀವನವಿಡೀ ಉಕ್ಕಿನ ಕಾರ್ಖಾನೆಯಲ್ಲಿ ಕಳೆದ ಮನುಷ್ಯನಿಗೆ ಅದನ್ನು ಕಣ್ಣಾರೆ ನೋಡದೆ ನಂಬೋಕಾಗಲ್ಲ, ಅಷ್ಟೆ.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡೋದನ್ನೇ. ಟೂರ್ ಬ್ರೋಷರ್‌ಗಳನ್ನು ತಂದು, ಎಕ್ಸೆಲ್ ಶೀಟ್ ತೆರೆದೆ. ಪ್ಯಾರಿಸ್, ಬ್ರಸೆಲ್ಸ್, ಆಮ್ಸ್ಟರ್‌ಡ್ಯಾಮ್, ಕಲೋನ್, ಲೂಸರ್ನ್, ವೆನಿಸ್, ಫ್ಲಾರೆನ್ಸ್, ರೋಮ್. ಹನ್ನೊಂದು ದಿನಕ್ಕೆ ಎಂಟು ಊರು, ತಲಾ ಎರಡೂವರೆ ಲಕ್ಷದ ಲೆಕ್ಕ. ಬೆಳಿಗ್ಗೆ ಆರಕ್ಕೆ ಏಳು, ಏಳೂವರೆಗೆ ಬಸ್ಸು. ಕಲರ್ ಕೋಡಿಂಗ್ ಬೇರೆ. ಗ್ರೂಪ್‌ಗೆ ಕಳಿಸಿದಾಗ ಹದಿಮೂರು ಥಂಬ್ಸ್ ಅಪ್ ಬಂತು. ಯಾರೂ ಪೂರ್ತಿ ಓದಿರಲಿಲ್ಲ ಅಂತ ಆಮೇಲೆ ಗೊತ್ತಾಯ್ತು.

ನಮ್ಮ ಕೆಲಸದಲ್ಲಿ ಟೆಸ್ಟ್ ಮಾಡದೆ ಏನನ್ನೂ ಬಿಡುಗಡೆ ಮಾಡಲ್ಲ. ಹಾಗಾದ್ರೆ ಟೂರಿಗೂ ಒಂದು ಟ್ರಯಲ್ ಇರಲಿ ಅಂತ ಫೆಬ್ರವರಿಯ ಒಂದು ಭಾನುವಾರ ಮಿನಿ ಬಸ್ ಮಾಡಿದೆ. ಭದ್ರಾವತಿಯಿಂದ ಶಿವಮೊಗ್ಗ, ಸಾಗರ ಹಾದು ಇಕ್ಕೇರಿ, ಕೆಳದಿ, ಸಂಜೆ ಜೋಗ. ಒಂದು ಕಡೆಗೆ ನೂರು ಕಿಲೋಮೀಟರ್‌ಗೂ ಹೆಚ್ಚು. ಅಪ್ಪ-ಅಮ್ಮನಿಗೆ ಇದು ಪಿಕ್‌ನಿಕ್. ನನಗೆ ಮಾತ್ರ ಪರೀಕ್ಷೆ, ಫೋನಲ್ಲಿ ಸದ್ದಿಲ್ಲದೆ ಟೈಮ್ ಬರ್ಕೊಳ್ತಾ ಇದ್ದೆ.

ಆರು ಗಂಟೆಗೆ ಅಂತ ಹೇಳಿದ ಬಸ್ಸು ಹೊರಟಿದ್ದು ಆರು ಐವತ್ತಕ್ಕೆ. ಶಿವಮೊಗ್ಗದಲ್ಲಿ ಪಕ್ಕದ ಮನೆಯವರು ಬಿಪಿ ಮಾತ್ರೆ ಮರೆತು ವಾಪಸ್ ಹೋಗಿ ಬಂದರು. ಸಾಗರಕ್ಕೆ ಮುಂಚೆ ಮೂರು ಸಲ ನಿಲ್ಲಿಸಿದೆವು, ಒಂದು ಕಾಫಿಗೆ, ಎರಡು ಶೌಚಕ್ಕೆ. ಒಬ್ಬರು ಹೋದರೆ ಸಾಕು, ಹದಿನಾಲ್ಕು ಜನಕ್ಕೂ ನೆನಪಾಗುತ್ತೆ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ನನ್ನ ಶೀಟಿನಲ್ಲಿ 45 ನಿಮಿಷ ಇತ್ತು, ಎರಡು ಗಂಟೆ ಹಿಡಿಯಿತು. ಮಧ್ಯಾಹ್ನದ ಹೊತ್ತಿಗೆ ಜೋಗ ಕೈಬಿಟ್ಟಾಗಿತ್ತು.

ಆದರೆ ನನ್ನ ಪ್ಲಾನ್ ಬಿದ್ದುಹೋಗಿದ್ದು ಟೈಮಿನಿಂದಲ್ಲ. ಅರ್ಧ ಗಂಟೆ ನಿಂತು ನೋಡಿದ ಮೇಲೆ ಅಪ್ಪ ಜಗುಲಿ ಮೇಲೆ ಕೂತುಬಿಟ್ಟರು. "ನೀವೆಲ್ಲ ನೋಡ್ಕೊಂಡ್ ಬನ್ನಿ, ನಾನು ಇಲ್ಲೇ ಇರ್ತೀನಿ." ಮಂಡಿ ನೋವು ಒಂದು ವರ್ಷದಿಂದ ಇತ್ತಂತೆ. ಅಮ್ಮನಿಗೂ ಹೇಳಿರಲಿಲ್ಲ. ಹೇಳಿದ್ರೆ ಬಿಟ್ಟು ಹೋಗ್ತೀರಿ ಅಂತ.

ಅದೇ ಮಾತನ್ನು ಅಪ್ಪ ಎಂಟು ಊರಿನಲ್ಲೂ ಹೇಳೋದು ನನಗೆ ಕಿವಿಯಲ್ಲಿ ಕೇಳಿಸಿದ ಹಾಗಾಯ್ತು. ಯುರೋಪಿನ ಹಳೇ ಊರುಗಳ ಒಳಗೆ ಟೂರಿಸ್ಟ್ ಬಸ್ಸು ಹೋಗಲ್ಲ. ಹೊರಗೆಲ್ಲೋ ಇಳಿಸ್ತಾರೆ, ಅಲ್ಲಿಂದ ಕಲ್ಲು ಹಾಸಿನ ಬೀದಿಯಲ್ಲಿ ನಡಿಗೆ. ಎರಡೂವರೆ ಲಕ್ಷ ಕೊಟ್ಟು ನಮ್ಮಪ್ಪ ಎಂಟು ಊರಿನ ಪಾರ್ಕಿಂಗ್ ನೋಡ್ಕೊಂಡು ಬರೋ ಹಾಗೆ ನಾನೇ ಪ್ಲಾನ್ ಮಾಡಿದ್ದೆ.

ಅವರ ಪಕ್ಕ ಹೋಗಿ ಕೂತೆ. ಏನಾದ್ರೂ ಮಾತಾಡಬೇಕಲ್ಲ ಅಂತ ಹಿಂದಿನ ರಾತ್ರಿ ಓದಿದ್ದನ್ನು ಹೇಳೋಕೆ ಶುರು ಮಾಡಿದೆ. ನಾವು ಈಗ ರೋಮ್‌ಗೆ ಹೊರಟಿದ್ದೇವೆ, ಆದರೆ ರೋಮ್‌ನವನೊಬ್ಬ 1623ರಲ್ಲೇ ಇಕ್ಕೇರಿಗೆ ಬಂದು ಹೋಗಿದ್ದಾನೆ. ಹೆಸರು ಪಿಯೆತ್ರೋ ಡೆಲ್ಲಾ ವಲ್ಲೆ. ವೆನಿಸ್‌ನಿಂದ 1614ರಲ್ಲಿ ಹಡಗು ಹತ್ತಿ ತುರ್ಕಿ, ಈಜಿಪ್ಟ್, ಪರ್ಷಿಯಾ ಸುತ್ತಿ ಭಾರತಕ್ಕೆ ಬಂದವನು. ಆಗ ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನ ಆಳ್ವಿಕೆ. ಗೋವಾದ ಪೋರ್ಚುಗೀಸರು ಕಳಿಸಿದ ರಾಯಭಾರಿಯ ತಂಡದ ಜೊತೆ ಈತನೂ ಸೇರಿಕೊಂಡ. ಒಂಥರಾ ಗ್ರೂಪ್ ಟೂರೇ.

ಅವನ ಪತ್ರಗಳಲ್ಲಿ ನನಗೆ ತುಂಬ ಇಷ್ಟವಾದ ಜಾಗ ಅರಮನೆಯದ್ದಲ್ಲ. ಇಕ್ಕೇರಿಗೆ ಬರೋ ದಾರಿಯಲ್ಲಿ ಒಂದು ದೇವಸ್ಥಾನದ ಜಗುಲಿಯಲ್ಲಿ ನಾಲ್ಕಾರು ಹುಡುಗರು ಲೆಕ್ಕ ಕಲೀತಿದ್ದರು. ನೆಲಕ್ಕೆ ಮರಳು ಹರಡಿ, ಬೆರಳಲ್ಲಿ ಬರೆದು, ರಾಗವಾಗಿ ಹೇಳಿಕೊಂಡು. ಈತ ನಿಂತು ನೋಡಿದ, ಅವರನ್ನೇ ಕೇಳಿ ತಿಳ್ಕೊಂಡ, ಬರೆದಿಟ್ಟ. ನಾನೂರು ವರ್ಷದ ಹಿಂದೆ ನಮ್ಮ ಸೀಮೆಯ ಮಕ್ಕಳು ಹೇಗೆ ಓದುತ್ತಿದ್ದರು ಅನ್ನೋದು ನಮಗೆ ಹೀಗೆ ಗೊತ್ತಾಗಿದೆ. ಅವನಿಗೂ 45 ನಿಮಿಷದ ಸ್ಲಾಟ್ ಇದ್ದಿದ್ದರೆ?

ಟೀಚರ್ ಹಿಂದೆ ನಿಂತು ಕೇಳಿಸ್ಕೊಳ್ತಿದ್ದರು. "ಆಮೇಲೆ ಊರಿಗೆ ಹೋದ್ನಾ?" ಅಂದರು. ಹೋದ, 1626ರಲ್ಲಿ. ಅವನ ಹೆಂಡತಿ ಸಿತ್ತಿ ಮಾನಿ ಪರ್ಷಿಯಾದಲ್ಲಿ ತೀರಿಕೊಂಡಿದ್ದಳು. ಅವಳ ದೇಹವನ್ನು ಪೆಟ್ಟಿಗೆಯಲ್ಲಿಟ್ಟು, ಭಾರತದ ಮೂಲಕವೇ ರೋಮ್‌ವರೆಗೆ ಸಾಗಿಸಿ, ಅರಾಚೇಲಿ ಅನ್ನೋ ಚರ್ಚ್‌ನಲ್ಲಿ ಸಮಾಧಿ ಮಾಡಿಸಿದ. ಮುಂದೆ ಅವನನ್ನೂ ಅಲ್ಲೇ ಹೂಳಿದರು. ಟೀಚರ್ ಯಜಮಾನರು ಹೋಗಿ ಮೂರು ವರ್ಷ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಚರ್ಚ್ ಲಿಸ್ಟಲ್ಲಿ ಇದೆಯೇನಪ್ಪಾ?" ಅಂದರು. ಇರಲಿಲ್ಲ.

ಆ ರಾತ್ರಿ ಶೀಟ್ ಅಳಿಸಿದೆ. ಹೊಸ ಶೀಟಿನಲ್ಲಿ ಊರಿನ ಹೆಸರು ಬರೆಯೋ ಮೊದಲು ಹದಿನಾಲ್ಕು ಜನರ ಹೆಸರು ಬರೆದು, ಒಬ್ಬೊಬ್ಬರಿಗೂ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿದೆ. ಒಂದು, ಒಂದೇ ಒಂದು ನೋಡೋದಾದ್ರೆ ಏನು ನೋಡ್ತೀರಿ? ಎರಡು, ಎಷ್ಟು ಹೊತ್ತು ನಡೀಬಹುದು, ನಿಜ ಹೇಳಿ. ಅತ್ತೆಗೆ ವೆನಿಸ್‌ನಲ್ಲಿ ದೋಣಿ. ಮಾವನಿಗೆ ಕೊಲೋಸಿಯಂ. ಕಾಲೇಜು ಹುಡುಗಿಗೆ ಫ್ಲಾರೆನ್ಸಿನ ಡೇವಿಡ್ ಶಿಲ್ಪ. ಅಪ್ಪನ ಗೆಳೆಯರೊಬ್ಬರಿಗೆ ಗಂಟೆಗೆ 300 ಕಿಲೋಮೀಟರ್ ಓಡೋ ರೈಲು. ಪ್ಯಾರಿಸ್ ಅಂತ ಒಬ್ಬರೂ ಹೇಳಲಿಲ್ಲ! ಎಲ್ಲರಿಗೂ ಬೇಕಾಗಿದ್ದು ಇಟಲಿಯಲ್ಲೇ ಸಿಗುತ್ತಿತ್ತು.

ಹೀಗೆ ಎಂಟು ಊರು ಮೂರಾಯ್ತು. ರೋಮ್‌ನಲ್ಲಿ ನಾಲ್ಕು ರಾತ್ರಿ, ಫ್ಲಾರೆನ್ಸ್‌ನಲ್ಲಿ ಮೂರು, ವೆನಿಸ್‌ನಲ್ಲಿ ಎರಡು. ಮಧ್ಯೆ ಬಸ್ಸಿಲ್ಲ, ರೈಲು. ರೋಮ್‌ನಿಂದ ಫ್ಲಾರೆನ್ಸ್ ಒಂದೂವರೆ ಗಂಟೆ, ಅಲ್ಲಿಂದ ವೆನಿಸ್ ಎರಡು ಗಂಟೆ ಚಿಲ್ಲರೆ. ಹಳೇ ಊರಿನ ಒಳಗೇ ಹೋಟೆಲ್, ಲಿಫ್ಟ್ ಇರಲೇಬೇಕು. ದಿನಕ್ಕೆ ಟಿಕೆಟ್ ಇರೋ ಜಾಗ ಒಂದೇ. ಮಧ್ಯಾಹ್ನ ಎರಡು ಗಂಟೆ ರೂಮಿನಲ್ಲಿ ವಿಶ್ರಾಂತಿ. ಮ್ಯಾಪ್‌ನಲ್ಲಿ ನಾನು ಸ್ಮಾರಕಗಳಿಗಿಂತ ಹೆಚ್ಚು ಗುರುತು ಹಾಕಿದ್ದು ಬೆಂಚು, ಶೌಚಾಲಯ, ಔಷಧಿ ಅಂಗಡಿಗಳಿಗೆ. ಪ್ಯಾಂಥಿಯನ್ ಮೊದಲನೇ ದಿನ ಬೆಳಿಗ್ಗೆಯೇ. ಕಾಲು ದಣಿಯೋ ಮೊದಲೇ ಅಪ್ಪನ ಆಸೆ ಮುಗಿದಿರಬೇಕು.

ನೀವೂ ಇಂಥದ್ದೇನಾದ್ರೂ ಪ್ಲಾನ್ ಮಾಡ್ತಿದ್ರೆ ಕೆಲವು ವಿಷಯ ಈಗಲೇ ಬರ್ಕೊಳ್ಳಿ. ವ್ಯಾಟಿಕನ್ ಮ್ಯೂಸಿಯಂಗೆ ತಿಂಗಳ ಕೊನೇ ಭಾನುವಾರ ಬಿಟ್ಟು ಉಳಿದ ಭಾನುವಾರ ರಜೆ. ಫ್ಲಾರೆನ್ಸಿನ ಉಫೀತ್ಸಿಗೆ, ಡೇವಿಡ್ ಇರೋ ಅಕಾಡೆಮಿಯಾಕ್ಕೆ ಸೋಮವಾರ ರಜೆ. ಕೊಲೋಸಿಯಂ ಟಿಕೆಟ್ ಮೇಲೆ ಹೆಸರು ಇರುತ್ತೆ, ಪಾಸ್‌ಪೋರ್ಟ್ ಜೊತೆ ಹೊಂದಬೇಕು. ಚರ್ಚ್‌ಗಳಿಗೆ ಭುಜ, ಮಂಡಿ ಮುಚ್ಚಿರಬೇಕು. ನಮ್ಮ ಹೆಂಗಸರ ಸೀರೆಗೆ ತೊಂದರೆಯಿಲ್ಲ, ಬರ್ಮುಡಾ ಹಾಕೋ ನಮಗೇ ಕಷ್ಟ. ಶೌಚಾಲಯಕ್ಕೆ ಚಿಲ್ಲರೆ ಯೂರೋ ಜೇಬಲ್ಲಿರಲಿ. ವೆನಿಸ್‌ನಲ್ಲಿ ಸೇತುವೆ ಅಂದ್ರೆ ಮೆಟ್ಟಿಲು ಅಂತ ಅರ್ಥ, ಸೂಟ್‌ಕೇಸ್ ಚಿಕ್ಕದಿರಲಿ. ಮಾತ್ರೆಗಳು ಡಾಕ್ಟರ್ ಚೀಟಿ ಸಮೇತ ಕೈಚೀಲದಲ್ಲಿ. ಚಟ್ನಿಪುಡಿ, ಅವಲಕ್ಕಿ ಸರಿ, ಆದ್ರೆ ಹಾಲಿನ ಪದಾರ್ಥ ಒಯ್ಯೋ ಹಾಗಿಲ್ಲ. ತುಪ್ಪದ ಡಬ್ಬಿ ಬೇಡ ಅಂತ ಅತ್ತೆಗೆ ಒಪ್ಪಿಸೋಕೆ ಎರಡು ವಾರ ಹಿಡೀತು.

ವೀಸಾ ಕಥೆ ಬೇರೆಯೇ. ಷೆಂಗೆನ್ ವೀಸಾಗೆ ಪ್ರವಾಸಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕೊನೇ ಗಳಿಗೆವರೆಗೆ ಕಾಯಬೇಡಿ. ಕನಿಷ್ಠ 30,000 ಯೂರೋ ಮೊತ್ತದ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ. ಪಾಸ್‌ಪೋರ್ಟ್ ಅವಧಿ ಅಲ್ಲಿಂದ ಹೊರಡೋ ದಿನದ ನಂತರ ಮೂರು ತಿಂಗಳಾದರೂ ಇರಬೇಕು. ಬೆರಳಚ್ಚು ಕೊಡೋಕೆ ಎಲ್ಲರೂ ಬೆಂಗಳೂರಿಗೆ ಬರಬೇಕು. ನಮ್ಮ ಕಡೆಯವರ ದೊಡ್ಡ ತಲೆನೋವು ಇನಿಷಿಯಲ್. ಆಧಾರ್‌ನಲ್ಲಿ ಒಂದು ಥರ, ಬ್ಯಾಂಕಿನಲ್ಲಿ ಇನ್ನೊಂದು ಥರ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗವೇ ಖಾಲಿ. ಹದಿನಾಲ್ಕರಲ್ಲಿ ಐದು ಜನರ ದಾಖಲೆ ಸರಿಮಾಡಿಸಿದ ಮೇಲೇ ನಾನು ವಿಮಾನದ ಟಿಕೆಟ್ ಮುಟ್ಟಿದ್ದು.

ಕೊನೆಗೆ ಅಪ್ಪನ ಅರ್ಜಿ. ಅದರಲ್ಲಿ ಒಂದು ಪ್ರಶ್ನೆ ಇದೆ: ಪ್ರಯಾಣದ, ವಾಸದ ಖರ್ಚು ಯಾರದ್ದು? ಅರ್ಜಿದಾರರದ್ದಾ, ಪ್ರಾಯೋಜಕರದ್ದಾ? ಅಪ್ಪನ ಪಿಂಚಣಿ ಸಣ್ಣದು, ನಿವೃತ್ತಿಯ ಹಣ ಬಹುಪಾಲು ಮನೆಗೆ ಹೋಗಿದೆ. ನಾನು ಏನೂ ಯೋಚಿಸದೆ ಪ್ರಾಯೋಜಕ ಅನ್ನೋ ಚೌಕಕ್ಕೆ ಟಿಕ್ ಹಾಕಿ, ನನ್ನ ಹೆಸರು ಬರೆದು, ಸಹಿ ಮಾಡಿ ಅಂತ ಕೊಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಪೆನ್ ಕೆಳಗಿಟ್ಟರು. "ನಾನು ಬರಲ್ಲ ಬಿಡು. ನೀವು ಹೋಗ್ಬನ್ನಿ." ಮಂಡಿ ನೆಪ ಹೇಳಿದರು. ಮಂಡಿ ಅಲ್ಲ ಅಂತ ಎಲ್ಲರಿಗೂ ಗೊತ್ತಿತ್ತು.

ಹತ್ತು ದಿನ ಫಾರಂ ಹಾಗೇ ಬಿದ್ದಿತ್ತು. ಅದನ್ನು ಬಿಡಿಸಿದ್ದು ಅಮ್ಮ, ಅದೂ ಅಡುಗೆಮನೆಯಿಂದಲೇ. "ಇವನ ಇಂಜಿನಿಯರಿಂಗ್ ಲೋನಿಗೆ ನೀವು ಜಾಮೀನು ಸಹಿ ಹಾಕಿದ್ರಲ್ಲ, ಆಗ ಇವನು ಅಪ್ಪನ ಸಹಿ ಬೇಡ, ನಾನು ಕಾಲೇಜಿಗೇ ಹೋಗಲ್ಲ ಅಂದಿದ್ನಾ?" ಅಪ್ಪ ಮಾತಾಡಲಿಲ್ಲ. ಸಂಜೆ ವಾಕಿಂಗ್ ಮುಗಿಸಿ ಬಂದು ಸಹಿ ಹಾಕಿದರು. ಆದರೆ ಒಂದು ಕರಾರು: "ಆ ಗುಮ್ಮಟದ ಟಿಕೆಟ್ ಮಾತ್ರ ಎಲ್ಲರದ್ದೂ ನನ್ನ ಲೆಕ್ಕ." ಪ್ಯಾಂಥಿಯನ್ ಟಿಕೆಟ್ ತಲಾ ಐದು ಯೂರೋ ಅಂತ ಲೆಕ್ಕ ಹಾಕಿದ್ದೆ. ಹದಿನಾಲ್ಕು ಜನಕ್ಕೆ ಎಪ್ಪತ್ತು. ಶೀಟಿನಲ್ಲಿ ಆ ಸಾಲಿನ ಮುಂದೆ ಈಗ ಅಪ್ಪನ ಹೆಸರಿದೆ.

ವೀಸಾ ಹದಿನಾಲ್ಕೂ ಬಂದಿವೆ, ಮುಂದಿನ ತಿಂಗಳು ಹೊರಡುತ್ತಿದ್ದೇವೆ. ಟೀಚರ್ ಕೇಳಿದ ಅರಾಚೇಲಿ ಮೂರನೇ ದಿನ. ಎದುರಿನಿಂದ ಹತ್ತಿದರೆ 124 ಮೆಟ್ಟಿಲು, ಪಕ್ಕದ ಚೌಕದ ಕಡೆಯಿಂದ ಕಡಿಮೆ ಮೆಟ್ಟಿಲಿನ ದಾರಿಯಿದೆ. ಎರಡನ್ನೂ ಬರೆದಿಟ್ಟಿದ್ದೇನೆ. ಅಪ್ಪ ಡಾಕ್ಟರಿಗೆ ಮಂಡಿ ತೋರಿಸಿ, ಹೊಸ ಶೂ ಹಾಕಿಕೊಂಡು ದಿನಾ ಬೆಳಿಗ್ಗೆ ನ್ಯೂಟೌನ್ ರಸ್ತೆಯಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದಾರೆ. ನಿನ್ನೆ ಫೋನ್ ಮಾಡಿದ್ದರು.

"ಇವತ್ತು ಭದ್ರಾ ಸೇತುವೆವರೆಗೂ ಹೋಗಿ ಬಂದೆ."

"ಕೂತ್ಕೊಂಡ್ರಾ?"

"ಒಂದೇ ಸಲ," ಅಂದರು. ಆಮೇಲೆ, "ಅಲ್ಲಿ ಗುಮ್ಮಟದ ಒಳಗೆ ಬೆಂಚು ಇದೆ ಅಂದಿದ್ಯಲ್ಲ?"

ಇದೆ ಅಪ್ಪಾ. ಅದನ್ನೇ ಮೊದಲು ನೋಡಿದ್ದು.