ಮೊಮ್ಮಗಳು ಬಿ.ಎ. ಓದುತ್ತಿದ್ದಾಳೆ

ಬರ್ಕ್ಲಿ, ರಾತ್ರಿ ಮೂರು ಗಂಟೆ

ಲೇ,

ನಿದ್ದೆ ಇನ್ನೂ ಮೈಸೂರಿನ ಹೊತ್ತಿಗೇ ಬರುತ್ತಿದೆ, ಅದಕ್ಕೇ ಪುಟ್ಟಿಯ ಮೇಜಿನ ಮುಂದೆ ಕಾಗದ ಹಿಡಿದು ಕೂತೆ. ಫೋನಿನಲ್ಲಾದರೆ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಮಗ ಫ್ರೀಮಾಂಟಿನಲ್ಲಿ ಬಾರ್ಟ್ ರೈಲು ಹತ್ತಿಸಿದ, ಒಬ್ಬನೇ ಬಂದಿಳಿದೆ. ಪುಟ್ಟಿ ತೆಳ್ಳಗಾಗಿಲ್ಲ. ಕೂದಲು ಕತ್ತರಿಸಿಕೊಂಡಿದ್ದಾಳೆ, ಚೆನ್ನಾಗಿದೆ, ನೀನೇನೂ ಅನ್ನಬೇಡ.

ಅವಳ ಯೂನಿವರ್ಸಿಟಿಯಲ್ಲಿ ನೋಡುವುದೆಲ್ಲ ನೋಡಿದ್ದಾಯಿತು. 307 ಅಡಿಯ ಗಡಿಯಾರ ಗೋಪುರ, ಜೀವವಿಜ್ಞಾನದ ಕಟ್ಟಡದೊಳಗೆ ಟಿ. ರೆಕ್ಸ್ ಅಸ್ಥಿಪಂಜರ, ನೊಬೆಲ್ ಬಂದವರಿಗೆಂದೇ ಬೋರ್ಡು ಹಾಕಿ ಕಾದಿಟ್ಟ ಕಾರ್ ಪಾರ್ಕಿಂಗ್. ಜೀನ್ ತಿದ್ದುವ ಕ್ರಿಸ್ಪರ್‌ಗಾಗಿ 2020ರಲ್ಲಿ ನೊಬೆಲ್ ಹಂಚಿಕೊಂಡ ಜೆನಿಫರ್ ಡೌಡ್ನಾ ಇಲ್ಲಿನ ಪ್ರೊಫೆಸರೇ.

ಇನ್ನು ನಿನ್ನ ಪ್ರಶ್ನೆ, ಡಾಕ್ಟರ್ ಯಾವಾಗ ಆಗುತ್ತಾಳೆ ಅಂತ. ಇಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಡಿಗ್ರಿ ಮುಗಿಸದೆ ಮೆಡಿಕಲ್ ಕಾಲೇಜಿನ ಬಾಗಿಲು ತೆರೆಯುವುದಿಲ್ಲ. ಅವಳ ಓದು ಮಾಲಿಕ್ಯುಲರ್ ಅಂಡ್ ಸೆಲ್ ಬಯಾಲಜಿ. ಮೊದಲೆರಡು ವರ್ಷ ಹೆಚ್ಚುಪಾಲು ಕೆಮಿಸ್ಟ್ರಿ, ಫಿಸಿಕ್ಸ್, ಕ್ಯಾಲ್ಕುಲಸ್. ಜೀವಕೋಶ ಸರಿಯಾಗಿ ಕಾಣುವುದು ಆಮೇಲೆ. ಕೊನೆಗೆ ಕೈಗೆ ಬರುವ ಪದವಿ ಯಾವುದು ಗೊತ್ತೇ? ಬಿ.ಎ.! ಇಲ್ಲಿನ ಪದ್ಧತಿಯೇ ಹಾಗಂತೆ. ಬೀಗರು ಕೇಳಿದರೆ ಸೈನ್ಸ್ ಅಂದುಬಿಡು. ಅವಳ ಬಯೋಕೆಮಿಸ್ಟ್ರಿ ಪುಸ್ತಕದಲ್ಲಿ ಪ್ರೋಟೀನಿನ ಸರಪಳಿ ಯಾವ ಕೋನಕ್ಕೆ ತಿರುಚಿಕೊಳ್ಳಬಹುದು, ಯಾವುದಕ್ಕೆ ಆಗದು ಎಂದು ತೋರಿಸುವ ನಕ್ಷೆಯಿದೆ. ಹೆಸರು ರಾಮಚಂದ್ರನ್ ಪ್ಲಾಟ್. ಆ ರಾಮಚಂದ್ರನ್ ಮದ್ರಾಸಿನಿಂದ ಬೆಂಗಳೂರಿನ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದವರು ಎಂದೆ. ಪುಟ್ಟಿಗೆ ಗೊತ್ತಿರಲಿಲ್ಲ! ನನಗೆ ಕೊಂಚ ಬಲ ಬಂತು.

ಮಂಡಿಗೆ ಎಣ್ಣೆ ಹಚ್ಚುತ್ತಿದ್ದೀಯಾ? ಸಿಲಿಂಡರ್ ಬುಕ್ ಮಾಡು, ಕೊನೆಯದು ನಡೆಯುತ್ತಿದೆ.

ನಿನ್ನೆ ರಾತ್ರಿಯದು ಹೇಳಬೇಕು. ಒಂಬತ್ತಾದರೂ ಅವಳು ಲ್ಯಾಬಿನಲ್ಲೇ. ನಾನು ಪುಳಿಯೋಗರೆ ಡಬ್ಬಿ ಹಿಡಿದು ಹೊರಗೆ ಬೆಂಚಿನ ಮೇಲೆ. ಒಳಗೆ ಊಟ ಒಯ್ಯುವಂತಿಲ್ಲ. ಪಕ್ಕದ ಲ್ಯಾಬಿನ ಹುಡುಗನೊಬ್ಬ, ಟರ್ಕಿಯವನು, ಎರಡು ಸಲ ದಾಟಿಹೋದವನು ಮೂರನೇ ಸಲ ನಿಂತ. ಊಟದ ಕೋಣೆಗೆ ಕರೆದೊಯ್ದು ಡಬ್ಬಿ ಬಿಸಿಮಾಡಿಕೊಟ್ಟ. ವಾಸನೆ ಹಿಡಿದು, ಇದರಲ್ಲಿ ಮೆಂತ್ಯ ಇದೆ ಅಂದ! ಅವರ ಕಡೆ ಒಣಮಾಂಸಕ್ಕೆ ಮೆಂತ್ಯ ಅರೆದು ಮೆತ್ತುತ್ತಾರಂತೆ. ನಾನು ಸುಮ್ಮನೆ ಇನ್ನೊಂದು ಚಮಚ ಬಡಿಸಿದೆ.

ಅಷ್ಟರಲ್ಲಿ ಪುಟ್ಟಿ ಮುಖ ಸಣ್ಣ ಮಾಡಿಕೊಂಡು ಬಂದಳು. ಡಿಎನ್‌ಎ ತುಣುಕುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್‌ನ ಫೋಟೊದಲ್ಲಿ ಅಳತೆಯ ಗೆರೆಗಳಷ್ಟೇ ಮೂಡಿವೆ, ಅವಳ ಸಾಲುಗಳು ಖಾಲಿ. ಅವನು ತಟ್ಟೆ ಬದಿಗಿಟ್ಟು ಅದನ್ನೇ ನೋಡಿದ. ಡಿಎನ್‌ಎಗೆ ಋಣ ವಿದ್ಯುದಂಶ, ಧನ ಧ್ರುವದತ್ತ ಓಡುತ್ತದೆ, ಚಿಕ್ಕ ತುಣುಕು ಮುಂದೆ, ದೊಡ್ಡದು ಹಿಂದೆ. ಅಳತೆ ನೆಟ್ಟಗೆ ಓಡಿದೆಯಲ್ಲ, ಜೆಲ್‌ನದು ತಪ್ಪಲ್ಲ, ಅದಕ್ಕೂ ಹಿಂದೆ ಡಿಎನ್‌ಎ ಪ್ರತಿ ಮಾಡುವ ಪಿಸಿಆರ್‌ನದು ಎಂದ. 95 ಡಿಗ್ರಿಗೆ ಎಳೆಗಳು ಬಿಡಿಸಿಕೊಳ್ಳುತ್ತವೆ, 55ರ ಸುಮಾರಿಗೆ ಪ್ರೈಮರ್ ಎಂಬ ಚಿಕ್ಕ ತುಣುಕು ಕೂರುತ್ತದೆ, 72ಕ್ಕೆ ಎಂಜೈಮ್ ಹೊಸ ಎಳೆ ಹೆಣೆಯುತ್ತದೆ. ಎಲ್ಲ ಸರಿಹೋದರೆ ಮೂವತ್ತು ಸುತ್ತಿಗೆ ಒಂದು ಪ್ರತಿ ನೂರು ಕೋಟಿ ದಾಟೀತು. ನಡುವಿನ ಶಾಖ ಎರಡು ಡಿಗ್ರಿ ಇಳಿಸಿ ನೋಡು ಎಂದ. ಕೆಲಸ ಬಿಟ್ಟು ಮುಕ್ಕಾಲು ಗಂಟೆ ಕೂತ, ಯಾರ ಮಗನೋ.

ಈ ಪಿಸಿಆರ್ ಹುಟ್ಟಿದ್ದು ಪಕ್ಕದೂರು ಎಮೆರಿವಿಲ್‌ನ ಕಂಪನಿಯಲ್ಲಿ, 1983ರಲ್ಲಿ. ಕಂಡುಹಿಡಿದ ಕ್ಯಾರಿ ಮುಲ್ಲಿಸ್ ಪಿಎಚ್.ಡಿ. ಮಾಡಿದ್ದು ಇಲ್ಲೇ. ಅವನಿಗೆ ನೊಬೆಲ್ ಬಂದ 1993ರಲ್ಲಿ ನಾನು ಕ್ಲಾಸಿನಲ್ಲಿ ಬಣ್ಣದ ಸೀಮೆಸುಣ್ಣ ಹಿಡಿದು ಜೀವಕೋಶದ ಚಿತ್ರ ಬಿಡಿಸುತ್ತಿದ್ದೆ. ನನ್ನ ವಿದ್ಯಾರ್ಥಿಗಳು ಭಾಗಗಳನ್ನು ಗುರುತಿಸಿ ಹತ್ತು ಅಂಕ ತೆಗೆದರು. ಇವಳದ್ದು ಖಾಲಿ ಸಾಲು ಏಕೆ ಖಾಲಿ ಎಂದು ಹುಡುಕುವ ಓದು. ಇದೇ ಮೇಲು.

ಎದುರುಮನೆಯವರ ಮಗ ಹೊರಡುವಾಗ ಪುಳಿಯೋಗರೆ ಪುಡಿ ಎರಡು ಪೊಟ್ಟಣ ಕಳಿಸು, ಒಂದು ಆ ಹುಡುಗನಿಗೆ. ಮೆಂತ್ಯ ತುಸು ಮುಂದಾಗಿರಲಿ. ಮತ್ತೆ ನನ್ನ ಪೆನ್ಷನ್ ಕಾಗದ ಬೀರುವಿನ ಮೇಲಿನ ಖಾನೆಯಲ್ಲಿದೆ, ಅದನ್ನು ಬ್ಯಾಂಕಿಗೆ ಕೊಡುವ ಮೊದಲು...